ಸಸಿಯ ಹಳದಿ ಎಲೆಯೂ ನಮ್ಮ ಕೋಣೆಯೂ

ಉದ್ಯೋಗವನ್ನರಸಿ ನಾಗಪುರಕ್ಕೆ ಬಂದಿರುವ ನಮ್ಮ ಹೋಟೆಲು ಕೆಲಸಗಾರರೂ ಗುಮಾಸ್ತರೂ ಬಾಡಿಗೆಯ ಕೋಣೆಯೊಳಗೆ ಹಳೆಯ ಎಣ್ಣೆಡಬ್ಬಿಯಲ್ಲೋ ಒಡೆದ ಬಕೆಟ್ಟಿನಲ್ಲೋ ಒಂದು ಕರಿಬೇವಿನ ಸಸಿಯನ್ನು, ಒಂದು ತುಳಸಿಯನ್ನು, ನಾಲ್ಕು ಮೆಣಸಿನ ಗಿಡಗಳನ್ನು ಬೆಳೆಸಲು ಯತ್ನಿಸುವುದು ಎಲ್ಲರೂ ಬಲ್ಲ ಸಂಗತಿ. ಊರಿನ ಹಿತ್ತಿಲನ್ನು ಹೊತ್ತು ತರಲಾರದವನು ಅದರ ನಾಲ್ಕು ಎಲೆಗಳನ್ನಾದರೂ ಕಣ್ಣೆದುರಿಗೆ ಇಟ್ಟುಕೊಳ್ಳಬಯಸುವುದು ಸಹಜವೇ. ಆದರೆ ತಿಂಗಳೊಪ್ಪತ್ತಿನಲ್ಲಿ ಎಲೆ ಹಳದಿಯಾಗಿ ಸಸಿ ಸೊರಗಿತೆಂದರೆ, ‘ಈ ಊರಿನ ಮಣ್ಣು ನೀರು ನಮ್ಮ ಗಿಡಕ್ಕೆ ಒಗ್ಗದು’ ಎಂದು ತೀರ್ಪಿತ್ತು ಡಬ್ಬಿಯನ್ನು ಎಸೆಯುವವರುಂಟು. ಹಿಂದುಮುಂದು ನೋಡದೆ ಒಂದು ಹಿಡಿ ಯೂರಿಯಾ ಸುರಿಯುವವರೂ ಉಂಟು. ರೋಗವನ್ನರಿಯದೆ ಔಷಧಿ ಕೊಡುವುದೂ, ವಿಚಾರಣೆಯಿಲ್ಲದೆ ಊರನ್ನು ದೂರುವುದೂ ಎರಡೂ ಅನುಚಿತವೆಂದು ನಾವು ಹೇಳಬಯಸುತ್ತೇವೆ.

ಊರಿನ ಮೇಲಿನ ಅಪವಾದವನ್ನೇ ಮೊದಲು ನೋಡೋಣ. ಇಲ್ಲಿಯವರು ಸಂತ್ರಾ ಎಂದು ಕರೆಯುವ ಕಿತ್ತಳೆಯೂ ನಮ್ಮ ಕರಿಬೇವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬಕ್ಕೆ ಸೇರಿದವು. ದಾಯಾದಿಯನ್ನು ಲೋಕಪ್ರಸಿದ್ಧ ಮಾಡಿದ ನೆಲ ಕರಿಬೇವಿಗೆ ಮಾತ್ರ ವೈರಿಯೆಂಬುದು ನಂಬತಕ್ಕ ಮಾತಲ್ಲ. ಇಲ್ಲಿನ ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ನೀರು ಬಸಿದುಹೋಗುವುದು ನಿಧಾನ ಎಂಬುದು ನಿಜ. ಆದರೆ ಅದು ಉಪಾಯವಿಲ್ಲದ ದೋಷವಲ್ಲ. ಉಪಾಯ ಯಾವುದೆಂಬುದನ್ನು ಎಲೆಯೇ ಹೇಳುತ್ತದೆ. ನೋಡುವ ತಾಳ್ಮೆ ಬೇಕು.

ಎಲೆ ಹಳದಿಯಾದಾಗ ಕೇಳಬೇಕಾದ ಮೊದಲ ಪ್ರಶ್ನೆ, ಹಳದಿಯಾದದ್ದು ಹಳೆಯ ಎಲೆಯೋ ಹೊಸ ಚಿಗುರೋ ಎಂಬುದು. ಸಾರಜನಕದ ಕೊರತೆಯಾದಾಗ ಗಿಡವು ಮುದಿ ಎಲೆಗಳ ಸತ್ವವನ್ನು ಹಿಂದೆಗೆದು ಚಿಗುರಿಗೆ ಉಣಿಸುತ್ತದೆ. ಆದ್ದರಿಂದ ಕೆಳಗಿನ ಎಲೆಗಳು ಮೊದಲು ಪೂರ್ತಿಯಾಗಿ ಬಿಳಚಿಕೊಳ್ಳುತ್ತವೆ; ಇದಕ್ಕೆ ಕಳಿತ ಗೊಬ್ಬರ ಒಂದೆರಡು ಹಿಡಿ ಸಾಕು. ಕಬ್ಬಿಣದ ಅಂಶವನ್ನಾದರೋ ಗಿಡವು ಹೀಗೆ ಸಾಗಿಸಲಾರದು. ಅದರ ಕೊರತೆಯಾದಾಗ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಗಡಸು ನೀರು ಎರೆದಷ್ಟೂ ತೊಂದರೆ ಹೆಚ್ಚು. ಇಲ್ಲಿ ಯೂರಿಯಾ ಸುರಿದು ಫಲವೇನು? ಲೀಟರು ನೀರಿಗೆ 2 ಗ್ರಾಮಿನಷ್ಟು ಅನ್ನಭೇದಿಯನ್ನು ಕರಗಿಸಿ ಸಂಜೆ ಹೊತ್ತು ಎಲೆಗೆ ಚಿಮುಕಿಸುವುದು, ಮಣ್ಣಿಗೆ ಕಳಿತ ಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಬೆರೆಸುವುದು ಯೋಗ್ಯವಾದ ಕ್ರಮ.

ಹಳದಿಯೆಲ್ಲವೂ ರೋಗವಲ್ಲ. ಮೆಣಸು, ಟೊಮೇಟೊ ಸಸಿಗಳ ಮೊದಲ ಜೋಡಿಯಾದ ಬೀಜದೆಲೆಗಳು ತಮ್ಮ ಕೆಲಸ ಮುಗಿಸಿ ಉದುರುವುದು ಪ್ರಕೃತಿಧರ್ಮ. ಡಿಸೆಂಬರಿನ ಚಳಿಯಲ್ಲಿ ಕರಿಬೇವು ಬೆಳವಣಿಗೆ ನಿಲ್ಲಿಸಿ ಎಲೆ ಉದುರಿಸಿದರೂ ಗಾಬರಿಪಡಬೇಕಾಗಿಲ್ಲ. ಆಗ ನೀರನ್ನು ಕಡಿಮೆ ಮಾಡಿ ಕಾಯತಕ್ಕದ್ದು. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲಿನ ಒಣಹವೆಯಲ್ಲಿ ಎಲೆಯ ತುದಿ ಕಂದುವುದುಂಟು. ಆದರೆ ಎಲೆಯ ಮೇಲೆ ಸಣ್ಣ ಬಿಳಿಚುಕ್ಕೆಗಳೂ ಅಡಿಯಲ್ಲಿ ನವಿರಾದ ಬಲೆಯೂ ಕಂಡರೆ ಅದು ಕೆಂಪು ನುಸಿಯ ಹಾವಳಿ. ಎಲೆಯ ಅಡಿಭಾಗವನ್ನು ತಣ್ಣೀರಿನಿಂದ ದಿನ ಬಿಟ್ಟು ದಿನ ತೊಳೆದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಕರಿಬೇವಿನ ಚಿಗುರು ಮುರುಟಿದ್ದರೆ ಸಿಲ್ಲಾ ಎಂಬ ಪುಟ್ಟ ಕೀಟವನ್ನು ಹುಡುಕಬೇಕು. ಕಿತ್ತಳೆ ತೋಟಗಳನ್ನು ಹಾಳುಗೆಡಹುವ ರೋಗವನ್ನು ಹರಡುವ ಕೀಟವೂ ಇದೇ. ಈ ಕಾರಣದಿಂದಲೇ ಅಮೆರಿಕದಲ್ಲಿ ಹೊರಗಿನಿಂದ ಹಸಿ ಕರಿಬೇವು ತರುವುದಕ್ಕೆ ನಿರ್ಬಂಧವಿದೆ. ಕಿತ್ತಳೆಯ ನಾಡಿನಲ್ಲಿ ಅನ್ನ ಉಣ್ಣುತ್ತಿರುವ ನಾವು ಊರಿನಿಂದ ಸಸಿ ತರುವಾಗ ಮುರುಟಿದ ಚಿಗುರಿನದನ್ನು ತರದಿರುವುದು ನೆರೆಯವರಿಗೆ ಸಲ್ಲಿಸುವ ಮರ್ಯಾದೆ. ಸಂದೇಹವಿದ್ದಲ್ಲಿ ರೋಗದ ಎಲೆಯನ್ನು ಪೊಟ್ಟಣದಲ್ಲಿ ಮುಚ್ಚಿಟ್ಟು ಕೃಷಿ ಕಾಲೇಜಿನ ಬಲ್ಲವರಿಗೆ ತೋರಿಸಬಹುದು.

ಇಷ್ಟಾದರೂ ಕೋಣೆಯೊಳಗಿನ ಸಸಿಗಳನ್ನು ಹೆಚ್ಚಾಗಿ ಕೊಲ್ಲುವುದು ಕೊರತೆಯೂ ಅಲ್ಲ, ಕೀಟವೂ ಅಲ್ಲ. ಅತಿಯಾದ ಅಕ್ಕರೆ ಮತ್ತು ಕತ್ತಲೆ. ಅಡಿಯಲ್ಲಿ ತೂತಿಲ್ಲದ ಡಬ್ಬಿಗೆ ದಿನವೂ ನೀರು ಹೊಯ್ದರೆ ಬೇರಿಗೆ ಗಾಳಿ ದೊರೆಯದೆ ಅದು ಕೊಳೆಯುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ, ಎಳೆಯ ಸಸಿ ಬುಡದಲ್ಲೇ ಕರಗಿ ಬಿದ್ದರೆ, ಕಾರಣ ಬಹುಶಃ ಇದೇ. ಬೆರಳನ್ನು ಒಂದು ಗೆಣ್ಣು ಊರಿ, ಮಣ್ಣು ಒಣಗಿದ್ದರೆ ಮಾತ್ರ ನೀರೆರೆಯಬೇಕು. ಇನ್ನು ಸಸಿ ಉದ್ದುದ್ದವಾಗಿ, ಬಿಳಿಚಿಕೊಂಡು, ಒಂದೇ ಕಡೆಗೆ ಬಾಗಿದ್ದರೆ ಅದು ಬೆಳಕಿಗಾಗಿ ಕೈಚಾಚುತ್ತಿದೆಯೆಂದೇ ಅರ್ಥ. ಅದಕ್ಕೆ ಬೇಕಾದುದು ಗೊಬ್ಬರವಲ್ಲ, ಕಿಟಕಿ.

ಇಲ್ಲಿ ನಮ್ಮ ಹೋಟೆಲು ಮಾಲೀಕರಿಗೂ ಒಂದು ಮಾತು ಹೇಳುವುದು ಅವಶ್ಯ. ಕೆಲಸಗಾರರ ಕೋಣೆಯಲ್ಲಿ ಸಸಿ ಬಿಳಿಚಿಕೊಂಡರೆ ಅದು ಸಸಿಯ ದೋಷವಲ್ಲ. ಕೋಣೆಯ ಮೇಲೆ ಅದು ನುಡಿಯುವ ಸಾಕ್ಷ್ಯ. ಹಗಲೆಲ್ಲ ಒಲೆಯ ಮುಂದೆ ಬೆಂದು ಬರುವ ಹುಡುಗ ಮಲಗುವುದೂ ಅದೇ ಕೋಣೆಯಲ್ಲಿ. ಅವನ ಮುಖ ಸೊರಗಿದಾಗಲೂ ನಾವು ‘ಊರಿನ ನೀರು ಒಗ್ಗಲಿಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವಷ್ಟೆ. ಸಸಿಗೆ ಸಾಕಾಗುವಷ್ಟು ಬೆಳಕು ಬರುವ ಕಿಟಕಿಯಿಂದ ಮನುಷ್ಯನಿಗೂ ಬೆಳಕೂ ಗಾಳಿಯೂ ಬಂದೀತು. ಅದರ ಖರ್ಚು ದೊಡ್ಡದಲ್ಲ. ಎಲೆಯನ್ನು ಓದಬಲ್ಲ ಕಣ್ಣು ಆ ಮುಖವನ್ನೂ ಓದಲೆಂಬುದೇ ನಮ್ಮ ಕೋರಿಕೆ.