ಸುಳಿ ಹೇಳದೆ ಸೈಕಲ್ ಮಾರುವವರು

"ಅಪರೂಪದ ಫ್ರೇಮು. ರೆನಾಲ್ಡ್ಸ್ 531. ವಯಸ್ಸಿಗೆ ತಕ್ಕ ಪಟಿನಾ ಇದೆ. ಇದ್ದದ್ದು ಇದ್ದಂತೆ ಮಾರಾಟ. ವಾಪಸ್ ತಗೊಳಲ್ಲ."

ಹಳೇ ಸ್ಟೀಲ್ ರೇಸ್ ಸೈಕಲ್ಲಿನ ಫ್ರೇಮು ಕೊಳ್ಳೋ ಮಾರೋ ಜನರ ನಡುವೆ ನಾಲ್ಕು ವರ್ಷ ಓಡಾಡಿದ ಮೇಲೆ ಈ ಜಾಹೀರಾತಿಗೆ ನಾನೇ ಒಂದು ನಿಘಂಟು ಮಾಡ್ಕೊಂಡಿದೀನಿ. ಅಪರೂಪ ಅಂದ್ರೆ, ಈ ಬೆಲೆ ಕೇಳೋ ಧೈರ್ಯ ಬೇರೆ ಯಾರಿಗೂ ಬಂದಿಲ್ಲ. ಪಟಿನಾ ಅಂದ್ರೆ ತುಕ್ಕು. ಇದ್ದದ್ದು ಇದ್ದಂತೆ ಅಂದ್ರೆ, ಇದರಲ್ಲಿ ಏನೋ ಐಬಿದೆ, ನಂಗೆ ಗೊತ್ತು, ನಿಂಗೆ ಹೇಳಲ್ಲ. ವಾಪಸ್ ಇಲ್ಲ ಅನ್ನೋದಕ್ಕೆ ಅರ್ಥ ಬೇಕಾಗಿಲ್ಲ, ಅದೊಂದೇ ಅಲ್ಲಿರೋ ಸತ್ಯ.

ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯವನು. ಬಿಇ ಮುಗಿಸಿ, ಬೆಂಗಳೂರಲ್ಲಿ ಒಂದಷ್ಟು ವರ್ಷ ಕೋಡ್ ಕುಟ್ಟಿದ ಮೇಲೆ ಕಂಪನಿ ಆನ್‌ಸೈಟ್ ಅಂತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಕಳಿಸಿತು. ಅಲ್ಲೀವರೆಗೂ ಸೈಕಲ್ ಅಂದ್ರೆ ನಂಗೆ ಅಪ್ಪನ ಹರ್ಕ್ಯುಲಿಸ್. ಹಿಂದೆ ಕ್ಯಾರಿಯರಿನಲ್ಲಿ ಡೇರಿಗೆ ಹೋಗೋ ಹಾಲಿನ ಕ್ಯಾನು, ಮುಂದೆ ಬಾರಿಗೆ ಟವೆಲ್ ಸುತ್ತಿ ಕೂರಿಸಿದ ನಾನು. ಅಲ್ಲಿ ಹೋದ ಮೇಲೆ ಗೊತ್ತಾಯ್ತು, ಹರ್ಕ್ಯುಲಿಸ್ ಕಂಪನಿ ಹುಟ್ಟಿದ್ದೇ ಆ ಊರಲ್ಲಿ, 1910ರಲ್ಲಿ. ಮುಂದೆ ಅದನ್ನ ಕೊಂಡ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಅನ್ನೋ ಕಂಪನಿ, ಮುರುಗಪ್ಪ ಬಳಗದವರ ಜೊತೆ ಸೇರಿ 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರು ಮಾಡಿತು. ರೆನಾಲ್ಡ್ಸ್ ಪೈಪಿನ ಕಾರ್ಖಾನೆಯೂ ಆಗ ಅದೇ ಕಂಪನಿಯದಾಗಿತ್ತು. 1960ರಲ್ಲಿ ರ‍್ಯಾಲೀ ಕೂಡ ಅದರದ್ದಾಯ್ತು. ಅಂದ್ರೆ, ನಮ್ಮಪ್ಪನ ಹಾಲಿನ ಸೈಕಲ್ಲೂ, 1980ರ ಟೂರ್ ದ ಫ್ರಾನ್ಸ್ ಗೆದ್ದ ಯೂಪ್ ಜೂಟೆಮೆಲ್ಕನ ರ‍್ಯಾಲೀನೂ ದಾಯಾದಿಗಳು! ನಂಗೆ ಹುಚ್ಚು ಹಿಡಿಯೋಕೆ ಇಷ್ಟು ಸಾಕಾಯ್ತು.

ಈ ವ್ಯಾಪಾರ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಮಾರೋದು ಪೂರ್ತಿ ಸೈಕಲ್ ಅಲ್ಲ. ಚಕ್ರ, ಹ್ಯಾಂಡಲ್, ಪೆಡಲ್ ಎಲ್ಲಾ ಬಿಚ್ಚಿದ ಮೇಲೆ ಉಳಿಯೋ ಅಸ್ಥಿಪಂಜರ ಮತ್ತು ಮುಂದಿನ ಫೋರ್ಕು, ಅಷ್ಟೇ. ಅದಕ್ಕೆ ಬೆಲೆ ಬರೋದು ಪೈಪಿನಿಂದ. ಬೆಸುಗೆ ಬೀಳೋ ತುದಿಗಳಲ್ಲಿ ದಪ್ಪ, ಜಾಸ್ತಿ ಭಾರ ಬೀಳದ ನಡುವಲ್ಲಿ ತೆಳು, ಹೀಗೆ ಪೈಪು ಎಳೆಯೋ ವಿದ್ಯೆಗೆ ರೆನಾಲ್ಡ್ಸ್‌ನವರು 1897ರಲ್ಲೇ ಪೇಟೆಂಟ್ ಮಾಡಿಸಿದ್ದರು. ಮ್ಯಾಂಗನೀಸು, ಮಾಲಿಬ್ಡಿನಮ್ ಸೇರಿಸಿದ ಅವರ 531 ಪೈಪು ಬಂದದ್ದು 1935ರಲ್ಲಿ. ಇಟಲಿಯ ಮಿಲಾನಿನ ಕೊಲಂಬಸ್ ಪೈಪಿಗೂ ಇಷ್ಟೇ ಮರ್ಯಾದೆ. ನಡುಭಾಗದಲ್ಲಿ ಈ ಪೈಪಿನ ಗೋಡೆ ಒಂದು ಮಿಲಿಮೀಟರೂ ಇರಲ್ಲ. ಹಗುರ ಬಂದದ್ದೂ ಅದರಿಂದಲೇ, ಅಪಾಯ ಬಂದದ್ದೂ ಅದರಿಂದಲೇ.

ಒಂದು ಕಾಲಕ್ಕೆ ಇವೆಲ್ಲ ಗ್ಯಾರೇಜಿನ ಮೂಲೇಲಿ ಬಿದ್ದಿದ್ದ ಸಾಮಾನು. ಈಗ ಹಳೇದಕ್ಕೇ ಅಂತ ಸವಾರಿಗಳು ನಡೀತವೆ. ಇಟಲಿಯ ಟಸ್ಕನಿಯಲ್ಲಿ 1997ರಲ್ಲಿ ಶುರುವಾದ ಎರೋಯಿಕಾಕ್ಕೆ ಹೋಗ್ಬೇಕು ಅಂದ್ರೆ 1987ಕ್ಕಿಂತ ಹಿಂದಿನ ಕಾಲದ ಸೈಕಲ್ ಬೇಕು, ಗೇರಿನ ಲಿವರು ಕೆಳಗಿನ ಪೈಪಿನ ಮೇಲೇ ಇರ್ಬೇಕು. ಒಳ್ಳೇದೇ, ಗುಜರಿಗೆ ಹೋಗೋ ಕಬ್ಬಿಣ ರಸ್ತೆಗೆ ಬಂತು. ಆದ್ರೆ ಜೇನಿದ್ದಲ್ಲಿ ಇರುವೆ ಬಂತಲ್ಲ, ನನ್ನ ಸಿಟ್ಟು ಅಲ್ಲಿಂದ ಶುರು.

ಮೊದಲು ಸ್ಟಿಕ್ಕರಿನ ಕತೆ ಹೇಳ್ತೀನಿ. ಜಾಹೀರಾತಿನಲ್ಲಿ "531" ಅಂತ ದಪ್ಪಕ್ಷರದಲ್ಲಿ ಹಾಕ್ತಾರೆ. ಆದ್ರೆ ರೆನಾಲ್ಡ್ಸ್ ಸ್ಟಿಕ್ಕರ್ ಒಂದೇ ಥರ ಇರಲಿಲ್ಲ. ಮೂರು ಮುಖ್ಯ ಪೈಪು ಮಾತ್ರ 531 ಆಗಿದ್ರೆ ಒಂದು ಥರ, ಫೋರ್ಕು ಮತ್ತು ಹಿಂದಿನ ಸಣ್ಣ ಪೈಪುಗಳೂ ಅದೇ ಆಗಿದ್ರೆ ಇನ್ನೊಂದು ಥರ. ಎರಡಕ್ಕೂ ಬೆಲೇಲಿ ಅಜಗಜಾಂತರ. ಫೋಟೋದಲ್ಲಿ ಆ ಸಣ್ಣಕ್ಷರ ಕಾಣದ ಹಾಗೆ ತೆಗೆಯೋದು ಒಂದು ಕಲೆ. ಅದಕ್ಕಿಂತ ದೊಡ್ಡ ಕಲೆ ಏನಪ್ಪಾ ಅಂದ್ರೆ, ಹೊಸದಾಗಿ ಅಚ್ಚು ಹಾಕಿದ ಹಳೇ ಸ್ಟಿಕ್ಕರ್ ನಾಲ್ಕು ಕಾಸಿಗೆ ಪೋಸ್ಟಿನಲ್ಲಿ ಮನೆಗೇ ಬರುತ್ತೆ. ಬಣ್ಣ ಹೊಡಿ, ಅಂಟಿಸು, ಮಾರು. ಸೀಟಿನ ಕಂಬ ಎಳೆದು ಅಳತೆ ನೋಡಿದ್ರೆ ಸಾಕಷ್ಟು ಗುಟ್ಟು ಹೊರಬೀಳುತ್ತೆ. ಒಳ್ಳೇ ತೆಳು ಪೈಪಿನ ಇಂಗ್ಲಿಷ್ ಫ್ರೇಮಿಗೆ ಸಾಮಾನ್ಯವಾಗಿ 27.2 ಮಿಲಿಮೀಟರ್ ಕಂಬ ಹಿಡಿಯುತ್ತೆ. 26ರ ಆಸುಪಾಸಿನದು ಹಿಡಿದ್ರೆ ಪೈಪಿನ ಗೋಡೆ ದಪ್ಪ ಇರ್ಬೇಕು ಅಂತ ಅನುಮಾನ ಪಡಬಹುದು. ಈ ಅಳತೆ ಕೇಳಿ ನೋಡಿ. "ಕಂಬ ಹೊರಗೆ ಬರ್ತಿಲ್ಲ" ಅಂತಾರೆ. ಸ್ಟೀಲಿನ ಒಳಗೆ ಅಲ್ಯೂಮಿನಿಯಂ ಕಂಬ ವರ್ಷಗಟ್ಟಲೆ ಕೂತು ಕಚ್ಚಿಕೊಂಡಿರುತ್ತೆ. ಅದನ್ನ ಬಿಡಿಸೋ ಖರ್ಚು, ಕೆಲವೊಮ್ಮೆ ಫ್ರೇಮೇ ಹಾಳಾಗೋ ಭಯ, ಇದೆಲ್ಲಾ ನಾವು ಕೇಳೋವರೆಗೂ ಅವರ ಬಾಯಿಗೆ ಬಂದಿರಲಿಲ್ಲ ನೋಡಿ!

ದುಡ್ಡಿನ ಮೋಸಾನ ಹಾಳಾಗ್ಲಿ ಅನ್ನಬಹುದು. ಹಲ್ಲು ಮುರಿಯೋ ಮೋಸಾನ ಅನ್ನೋಕಾಗಲ್ಲ.

ನಾನು 180 ಪೌಂಡ್ ಕೊಟ್ಟು ಒಂದು ನೀಲಿ ಫ್ರೇಮ್ ತಗೊಂಡೆ. "ಯಾವತ್ತೂ ಬಿದ್ದಿಲ್ಲ, ಹೊಸ ಬಣ್ಣ" ಅಂದಿದ್ದ ಮಾರಿದವನು. ಚಕ್ರ, ಬ್ರೇಕು ಜೋಡಿಸಿ ಆರು ವಾರ ಓಡಿಸಿದೆ. ಇಳಿಜಾರಿನಲ್ಲಿ ಹ್ಯಾಂಡಲ್ ಯಾಕೋ ಒಂದು ಕಡೆ ಎಳೀತಿತ್ತು. ಫ್ರೇಮ್ ಕಟ್ಟೋ ಒಬ್ಬ ಮುದುಕರ ಹತ್ರ ತಗೊಂಡು ಹೋದೆ. ಅವರು ಕನ್ನಡಕ ಕೂಡ ಹಾಕ್ಕೊಳ್ಳಲಿಲ್ಲ. ಹ್ಯಾಂಡಲ್ ಕೂರೋ ಪೈಪಿನ ಹಿಂದೆ, ಕೆಳಗಿನ ಪೈಪಿನ ಅಡಿಭಾಗದಲ್ಲಿ ಹೆಬ್ಬೆರಳು ಆಡಿಸಿದರು. ಆಮೇಲೆ ನನ್ನ ಹೆಬ್ಬೆರಳು ಹಿಡಿದು ಅಲ್ಲೇ ಇಟ್ಟರು. ಸಣ್ಣದೊಂದು ಉಬ್ಬು, ಅದರ ಹಿಂದೆ ಸುಕ್ಕು. ಹಸುಗೂಸಿನ ಒಸಡಲ್ಲಿ ಹಲ್ಲು ಬರೋ ಹಾಗೆ. "ಎದುರಿಗೆ ಯಾವುದಕ್ಕೋ ಗುದ್ದಿದೆ. ಇವತ್ತು ತಡೆಯುತ್ತೆ. ಸೀಳೋದು ಯಾವತ್ತು ಅಂತ ನಾನು ಹೇಳೋಕಾಗಲ್ಲ" ಅಂದರು. ಪೈಪು ಬದಲಾಯಿಸೋ ಖರ್ಚು ಫ್ರೇಮಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ.

ಇಲ್ಲಿಗೆ ಕತೆ ಮುಗಿದಿದ್ರೆ ನಾನು ಮೋಸ ಹೋದ ಪಾಪದವನು. ಮುಗೀಲಿಲ್ಲ. ಎರಡು ವಾರ ಬಿಟ್ಟು ಅದೇ ಫ್ರೇಮನ್ನ ನಾನು ಮಾರಾಟಕ್ಕೆ ಹಾಕಿದೆ. ಫೋಟೋ ಎಲ್ಲಾ ಮೇಲಿಂದ ತೆಗೆದೆ. "ಇದ್ದದ್ದು ಇದ್ದಂತೆ" ಅಂತ ಬರೆದೆ. ಹತ್ತೊಂಬತ್ತು ವರ್ಷದ ಕಾಲೇಜು ಹುಡುಗ ಬಂದ. ಇಪ್ಪತ್ತರ ಹತ್ತು ನೋಟು ಎಣಿಸಿಕೊಟ್ಟ. ನಾನು ತಗೊಂಡೆ. ಅವನು ಎರಡು ಸಲ ಥ್ಯಾಂಕ್ಸ್ ಹೇಳಿ ಹೋದ.

ಇಂಗ್ಲೆಂಡಿನ ಕಾನೂನಿನ ಪ್ರಕಾರ, ಅಂಗಡಿಯಲ್ಲದ ಖಾಸಗಿ ಮನುಷ್ಯ ಹಳೇ ಸಾಮಾನು ಮಾರುವಾಗ ಸುಳ್ಳು ಹೇಳೋ ಹಾಗಿಲ್ಲ. ಬಾಯಿ ಮುಚ್ಕೊಂಡಿದ್ರೆ ಸಾಮಾನ್ಯವಾಗಿ ಯಾರೂ ಕೇಳಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಅದನ್ನೇ ಎರಡು ರಾತ್ರಿ ನಂಗೆ ನಾನೇ ಹೇಳ್ಕೊಂಡೆ.

ಮೂರನೇ ರಾತ್ರಿ ತಾತ ನೆನಪಾದರು. ನಮ್ಮ ಕಡೆ ಸಿದ್ಧಗಂಗೆ ದನಗಳ ಜಾತ್ರೆ ನೋಡಿದವರಿಗೆ ಗೊತ್ತಿರುತ್ತೆ, ಅಲ್ಲಿ ಬರೋರೇನು ಸತ್ಯಹರಿಶ್ಚಂದ್ರನ ವಂಶದವರಲ್ಲ. ಕೊಂಬು ಹೆರೆದು ಎಣ್ಣೆ ಹಚ್ಚೋರು, ಮುದಿ ಎತ್ತಿಗೆ ಪ್ರಾಯ ತರಿಸೋರು, ಟವೆಲ್ ಅಡಿ ಬೆರಳು ಹಿಡಿದು ಎರಡೂ ಕಡೆ ತಿನ್ನೋ ದಲ್ಲಾಳಿಗಳು, ಎಲ್ಲರೂ ಇದ್ದರು. ಆದ್ರೆ ಕೊಳ್ಳೋನಿಗೂ ಕೈ ಇತ್ತು, ಕಣ್ಣಿತ್ತು. ಬಾಯಿ ಬಿಡಿಸಿ ಹಲ್ಲು ನೋಡ್ತಿದ್ದ, ಸುಳಿ ಹುಡುಕ್ತಿದ್ದ, ನಡೆಸಿ ನೋಡ್ತಿದ್ದ, ಬೇಕಾದ್ರೆ ಗಾಡಿ ಕಟ್ಟಿ ನೋಡ್ತಿದ್ದ. ತಾತ ಒಂದು ಸಲ ಎತ್ತು ಮಾರುವಾಗ ತಾವಾಗೇ ಹೇಳಿದರು: "ನೋಡಪ್ಪ, ಇದು ಗಾಡೀಗೆ ಸಿಂಹ. ಬಿಸಿಲೇರಿದ್ರೆ ಸಾಲಲ್ಲಿ ಮಲಗಿಬಿಡ್ತದೆ." ಬೆಲೆ ಬಿತ್ತು. ದಾರೀಲಿ ಚಿಕ್ಕಪ್ಪ ರೇಗಾಡಿದರು. ತಾತ ಬೀಡಿ ಹಚ್ಚಿ, "ಅವನ ಹೊಲದಾಗೆ ಇದು ಮಲಗಿದ ದಿನ ಅವನು ಎತ್ತನ್ನ ಬಯ್ಯಲ್ಲ ಕಣ್ಲಾ, ನನ್ನ ಬಯ್ತಾನೆ. ಜಾತ್ರೆ ಮುಂದಿನ ವರ್ಷಾನೂ ಐತೆ" ಅಂದರು.

ಎತ್ತು ಸಾಲಲ್ಲಿ ಮಲಗಿದ್ರೆ ಒಂದು ದಿನದ ಉಳುಮೆ ಹೋಗುತ್ತೆ. ಇಳಿಜಾರಿನಲ್ಲಿ ಪೈಪು ಸೀಳಿದ್ರೆ ಹೋಗೋದೇನು? ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವನು ಆಗಲೇ ಚಕ್ರ ಜೋಡಿಸಿ ಒಂದು ಸುತ್ತು ಹೋಗಿ ಬಂದಿದ್ದ. ಫ್ರೇಮು ವಾಪಸ್ ತಂದ, 200 ಪೌಂಡ್ ಇಸ್ಕೊಂಡ. ಈ ಸಲ ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗೂ ಇರಲಿಲ್ಲ. ಆ ಫ್ರೇಮು ಇನ್ನೊಬ್ಬನ ಕೈಗೆ ಹೋಗದ ಹಾಗೆ ಗರಗಸ ಹಾಕಿ ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ.

ಈ ಮಾತು ಎತ್ತಿದಾಗೆಲ್ಲಾ ಇಬ್ಬರು ಎದ್ದು ನಿಲ್ತಾರೆ. ಮೊದಲನೆಯವನು, "ನಲವತ್ತು ವರ್ಷದ ಸಾಮಾನು ಸ್ವಾಮಿ, ಹೊಸದರ ಥರ ಗ್ಯಾರಂಟಿ ಕೊಡೋಕಾಗುತ್ತಾ?" ಅಂತಾನೆ. ಗ್ಯಾರಂಟಿ ಯಾರು ಕೇಳಿದರು? ಗೊತ್ತಿಲ್ಲದ್ದನ್ನ ಹೇಳು ಅಂತ ಯಾರೂ ಹೇಳ್ತಿಲ್ಲ, ಗೊತ್ತಿರೋದನ್ನ ಹೇಳು. ಎರಡನೆಯವನು, "ಕೊಳ್ಳೋನು ನೋಡ್ಕೋಬೇಕು" ಅಂತಾನೆ. ನೋಡ್ಕೊಳ್ಳೋಕೆ ನೀನು ತೋರಿಸಿದೀಯಾ? ಆರು ಫೋಟೋ ಹಾಕಿ, ಆರರಲ್ಲೂ ಸ್ಟಿಕ್ಕರನ್ನೇ ತೋರಿಸಿ, ನೋಡ್ಕೋ ಅಂದ್ರೆ? ಹೋರಿಗೆ ಕಂಬಳಿ ಹೊದಿಸಿ ಹಲ್ಲು ಎಣಿಸ್ಕೋ ಅಂದ ಹಾಗಾಯ್ತು.

ಇದು ಇಂಗ್ಲೆಂಡಿನವರ ಜಗಳ, ನಮಗೇನು ಅನ್ನಬೇಡಿ. ಬೆಂಗಳೂರಿನ ಗೆಳೆಯರು ನಂಗೆ ಮೆಸೇಜ್ ಮಾಡ್ತಾರೆ, "ಬರ್ತಾ ಒಂದು ಫ್ರೇಮ್ ಹಾಕ್ಕೊಂಡ್ ಬಾ ಮಗಾ." ರಟ್ಟಿನ ಡಬ್ಬದಲ್ಲಿ ಸಮುದ್ರ ದಾಟಿ ಬಂದ ಫ್ರೇಮನ್ನ ವಾಪಸ್ ಕಳಿಸೋ ಮಾತೇ ಇಲ್ಲ. ಪೆಡಲಿನ ಅಚ್ಚು ಕೂರೋ ಜಾಗದ ಮರೆ ಇಂಗ್ಲಿಷಿನದಾದ್ರೆ ಒಂದು ಅಳತೆ, ಇಟಲಿಯದಾದ್ರೆ ಇನ್ನೊಂದು. ಇಂಗ್ಲಿಷಿನದರಲ್ಲಿ ಬಲಗಡೆ ಕಪ್ಪು ಉಲ್ಟಾ ತಿರುಗುತ್ತೆ, ಇಟಲಿಯದರಲ್ಲಿ ಎರಡೂ ಸೀದಾ. ಹೇಳದೆ ಕೊಟ್ರೆ ಇಲ್ಲಿಯವನು ಬಿಡಿಭಾಗಕ್ಕೆ ಊರೆಲ್ಲಾ ಅಲೀಬೇಕು, ಇಲ್ಲಾ ಅವಸರಕ್ಕೆ ಮರೆ ಹಾಳು ಮಾಡ್ಕೋಬೇಕು. ಗೆಳೆಯನಿಗೆ ತಂದುಕೊಡುವಾಗ್ಲೂ ನೀವು ಮಾರುವವರೇ, ನೆನಪಿರಲಿ.

ಹಾಗಾಗಿ ನಾನು ಕೇಳೋದು ಇಷ್ಟೇ. ಮಾರುವವರು ಅಳತೆ ಬರೀರಿ: ಸೀಟಿನ ಕಂಬ ಎಷ್ಟು, ಹಿಂದಿನ ಚಕ್ರ ಕೂರೋ ಜಾಗ 120, 126, 130 ಮಿಲಿಮೀಟರಿನಲ್ಲಿ ಯಾವುದು, ಮರೆ ಯಾವ ದೇಶದ್ದು. ಕೆಳಗಿನ ಪೈಪಿನ ಅಡಿಭಾಗದ ಫೋಟೋ ಹಾಕಿ. ಬಣ್ಣ ಮತ್ತೆ ಹೊಡೆದಿದ್ರೆ ಯಾಕೆ ಹೊಡೆದಿದ್ದು ಅಂತ ಹೇಳಿ. ಸ್ಟಿಕ್ಕರ್ ಹೊಸದಾದ್ರೆ ಹೊಸದು ಅನ್ನಿ. ಕೊಳ್ಳುವವರು ಒಂದು ಮೊಳ ದಾರ ಜಾಸ್ತಿ ಇಟ್ಕೊಂಡು ಹೋಗಿ. ಹಿಂದಿನ ಒಂದು ಕಿವಿಯಿಂದ ಮುಂದಿನ ಹೆಡ್ ಪೈಪು ಬಳಸಿ ಇನ್ನೊಂದು ಕಿವಿಗೆ ಎಳೆದು ಕಟ್ಟಿ. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಕಡೆ ಅಂತರ ಒಂದೇ ಇದ್ರೆ ಫ್ರೇಮಿನ ಹಿಂಭಾಗ ನೆಟ್ಟಗಿದೆ. ಆಮೇಲೆ ಹೆಬ್ಬೆರಳು ಆಡಿಸಿ. ಮಾರುವವನು "ಅಲ್ಲೇನೂ ಇಲ್ಲ ಬಿಡಿ" ಅಂತ ಅವಸರ ಮಾಡಿದ್ರೆ, ದುಡ್ಡು ಜೇಬಲ್ಲೇ ಇಟ್ಕೊಂಡು ವಾಪಸ್ ಬನ್ನಿ.

ನನ್ನ ಹತ್ರ ಈಗ ಮಾರೋಕೆ ಒಂದು ರ‍್ಯಾಲೀ ಇದೆ. ಸೀಟಿನ ಪೈಪಿನ ಬುಡದಲ್ಲಿ ತುಕ್ಕಿದೆ, ಒಳಗೆ ಎಷ್ಟಿದೆ ಅಂತ ಗೊತ್ತಿಲ್ಲ, ಫೋರ್ಕು ಇದರದ್ದಲ್ಲ. ಹೀಗೇ ಬರೆದು ಹಾಕಿ ಎರಡು ತಿಂಗಳಾಯ್ತು, ಇನ್ನೂ ಯಾರೂ ತಗೊಂಡಿಲ್ಲ. ಇರ್ಲಿ. ಜಾತ್ರೆ ಮುಂದಿನ ವರ್ಷಾನೂ ಐತೆ.