ಕೆಮ್ಮಿಗೆ ಮೂರು ಮಾತ್ರೆ ಸಾಕೇ?

ಎರಕದ ಕಾರ್ಖಾನೆಗಳಲ್ಲಿಯೂ ಅಕ್ಕಿ ಗಿರಣಿಗಳಲ್ಲಿಯೂ ಕಾರ್ಮಿಕನು ಕೆಮ್ಮತೊಡಗಿದರೆ ಔಷಧಿ ಅಂಗಡಿಯಿಂದ ಅಜಿಥ್ರೊಮೈಸಿನ್ ತರಿಸಿಕೊಡುವ ವಾಡಿಕೆ ನಮ್ಮಲ್ಲಿದೆ. ಮೂರು ದಿನ, ಮೂರು ಮಾತ್ರೆ. ರಜೆಯೂ ಬೇಡ, ವೈದ್ಯರ ಶುಲ್ಕವೂ ಬೇಡ. 2019ರಲ್ಲಿ ದೇಶದ ಖಾಸಗಿ ಮಾರುಕಟ್ಟೆಯಲ್ಲಿ ಅತ್ಯಧಿಕವಾಗಿ ಬಳಕೆಯಾದ ಪ್ರತಿಜೀವಕವು ಇದರ 500 ಮಿಲಿಗ್ರಾಂ ಮಾತ್ರೆಯೇ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ವ್ಯಾಪಾರಿಯಾಗಿಯೂ ನಾನು ಇದಕ್ಕೆ ಹಿಗ್ಗಲಾರೆ.

ದೊಡ್ಡ ಆಸ್ಪತ್ರೆಗಳಲ್ಲಿ ದೀರ್ಘಕಾಲದ ಶ್ವಾಸಕೋಶ ರೋಗಗಳಿಗೆ ಇದನ್ನೇ ತಿಂಗಳುಗಟ್ಟಲೆ ಕೊಡುತ್ತಾರಲ್ಲ ಎಂದು ಕೆಲವು ಮಿತ್ರರು ವಾದಿಸುತ್ತಾರೆ. ಮಾತು ಸುಳ್ಳಲ್ಲ. ಮ್ಯಾಕ್ರೊಲೈಡ್ ವರ್ಗದ ಈ ಔಷಧಗಳು ರೋಗಾಣುಗಳನ್ನು ತಡೆಯುವುದಲ್ಲದೆ ಶ್ವಾಸನಾಳದ ಉರಿಯೂತವನ್ನೂ ತಗ್ಗಿಸುತ್ತವೆ. 1,142 ಸಿಒಪಿಡಿ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷವಿಡೀ ನಿತ್ಯ 250 ಮಿಲಿಗ್ರಾಂ ಪಡೆದವರಿಗೆ ರೋಗವು ಮೊದಲ ಸಲ ಉಲ್ಬಣಿಸುವವರೆಗಿನ ಮಧ್ಯಮಾಂಕ ಅವಧಿ 266 ದಿನ. ಹುಸಿ ಮಾತ್ರೆ ಪಡೆದವರಿಗೆ 174 ದಿನ. ಆದರೆ ಶ್ರವಣಶಕ್ತಿ ಕುಂದಿದವರು ಮೊದಲ ಗುಂಪಿನಲ್ಲಿ ಶೇ. 25, ಎರಡನೆಯದರಲ್ಲಿ ಶೇ. 20. ಧೂಮಪಾನ ಬಿಡದವರಿಗೆ ಪ್ರಯೋಜನ ಕಂಡುಬಂದದ್ದು ಅತ್ಯಲ್ಪ.

ಆದ್ದರಿಂದಲೇ ತಜ್ಞರು ಪದೇಪದೇ ರೋಗ ಉಲ್ಬಣಿಸುವ ಕೆಲವರಿಗಷ್ಟೇ, ಹೃದಯದ ಇಸಿಜಿ ಮತ್ತು ಕಫದ ಪರೀಕ್ಷೆಗಳನ್ನು ಮಾಡಿಸಿದ ಮೇಲೆ ಇದನ್ನು ಆರಂಭಿಸುತ್ತಾರೆ. ಕ್ಷಯಾಣುವಿನ ಬಳಗದ ಕೆಲವು ರೋಗಾಣುಗಳು ಒಳಗಿದ್ದಾಗ ಇದೊಂದನ್ನೇ ಕೊಟ್ಟರೆ ಅವು ಔಷಧಕ್ಕೆ ಬಗ್ಗದಂತಾಗುತ್ತವೆ. ನಮ್ಮ ಮೂರು ಮಾತ್ರೆಗೂ ಈ ಚಿಕಿತ್ಸೆಗೂ ಹೆಸರಿನ ಹೊರತು ಸಾಮ್ಯವಿಲ್ಲ.

ನಿಜವಾದ ಪ್ರಶ್ನೆ ಧೂಳಿನದು. ಎರಕದ ಮರಳಿನ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಅಂಥವರಿಗೆ ಕ್ಷಯದ ಅಪಾಯವೂ ಹೆಚ್ಚು. ಧೂಳು ಹೀರುವ ಯಂತ್ರಕ್ಕೆ ಹಣವಿಲ್ಲವೆಂದು ಹೇಳುವ ನಾವು (ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ) ಮಾತ್ರೆ ಕೊಡಿಸಿ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಾರ್ಮಿಕನಿಗೆ ಸಂಬಳಸಹಿತ ರಜೆ ಕೊಟ್ಟು ಕಫ ಪರೀಕ್ಷೆಗೆ ಕಳುಹಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಔಷಧ ವ್ಯಾಪಾರಿ ಸದಸ್ಯರಲ್ಲಿಯೂ ಒಂದು ವಿನಂತಿ. ವೈದ್ಯರ ಚೀಟಿಯಿಲ್ಲದೆ ಈ ಮಾತ್ರೆಯನ್ನು ಮಾರುವುದು ಕಾನೂನುಬಾಹಿರ. ಒಬ್ಬರು ನಿರಾಕರಿಸಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆಂಬುದು ದಿಟ. ಅದಕ್ಕಾಗಿಯೇ ಊರಿನ ಎಲ್ಲ ಅಂಗಡಿಗಳೂ ಒಟ್ಟಾಗಿ ನಿರ್ಧರಿಸಬೇಕಾಗಿದ್ದು, ವಿಷಯವನ್ನು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.