ಇಲಾ ಮಜುಂದಾರ್ ‘ಭಾರತದ ಮೊದಲ ಮಹಿಳಾ ಎಂಜಿನಿಯರ್’ ಹೌದೇ?

ಮಹಿಳಾ ದಿನ ಹತ್ತಿರ ಬಂತೆಂದರೆ ‘ಭಾರತದ ಮೊದಲ ಮಹಿಳಾ ಎಂಜಿನಿಯರ್’ ಎಂಬ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಒಂದರಲ್ಲಿ ಇಲಾ ಮಜುಂದಾರ್ ಹೆಸರಿರುತ್ತದೆ, ಇನ್ನೊಂದರಲ್ಲಿ ಎ. ಲಲಿತಾ. ಎರಡೂ ನಿಜವಾಗಲು ಸಾಧ್ಯವೇ?

ಇಸವಿ ನೋಡಿದರೆ ಗೊಂದಲ ಬಗೆಹರಿಯುತ್ತದೆ. ಲಲಿತಾ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿ ಮುಗಿಸಿದ್ದು 1943ರಲ್ಲಿ. ಅದೇ ಕಾಲೇಜಿನಲ್ಲಿ ಪಿ.ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್ ಸಿವಿಲ್ ಓದಿದರು. ಇಲಾ ಪದವಿ ಪಡೆದದ್ದು 1951ರಲ್ಲಿ. ಆದ್ದರಿಂದ ಇಲಾ ದೇಶಕ್ಕೇ ಮೊದಲಿಗರಲ್ಲ. ಬಂಗಾಳದ ಮೊದಲ ಮಹಿಳಾ ಎಂಜಿನಿಯರ್, ಅದರಲ್ಲೂ ಮೆಕ್ಯಾನಿಕಲ್ ವಿಭಾಗದವರು ಎಂದರೆ ಸರಿ. ‘ಮೊದಲ’ ಎಂಬ ಪದ ಕಂಡಾಗ ಯಾವ ವಿಭಾಗ, ಯಾವ ರಾಜ್ಯ, ಯಾವ ವರ್ಷ ಎಂದು ನಾವು ಕೇಳಿಕೊಳ್ಳುವುದು ಇದಕ್ಕೇ.

ಈ ‘ಮೊದಲು ಯಾರು’ ಎಂಬ ಪೈಪೋಟಿಯಲ್ಲಿ ಇಲಾ ಮಾಡಿದ ಕೆಲಸವೇ ಮರೆಯಾಗಿಬಿಡುತ್ತದೆ. ಪೂರ್ವ ಬಂಗಾಳದ ಮದಾರಿಪುರದಲ್ಲಿ 1930ರಲ್ಲಿ ಹುಟ್ಟಿದವರು ಅವರು. 1947ರಲ್ಲಿ ಹೌರಾ ಬಳಿಯ ಶಿಬ್‌ಪುರದ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಸೇರಿದ್ದು ಇಬ್ಬರೇ: ಇಲಾ ಮತ್ತು ಅಜಂತಾ ಗುಹಾ. ಎರಡನೇ ವರ್ಷದ ಬಳಿಕ ಅಜಂತಾ ಓದು ಬಿಟ್ಟರು. ಮುಂದೆ ಹುಡುಗರೇ ತುಂಬಿದ ತರಗತಿಯಲ್ಲಿ ಇಲಾ ಒಬ್ಬರೇ.

ಪದವಿಯ ನಂತರ ಗ್ಲಾಸ್ಗೋದ ಬಾರ್ ಅಂಡ್ ಸ್ಟ್ರೌಡ್ ಕಂಪನಿಯಲ್ಲಿ ತರಬೇತಿ. ಮರಳಿ ಬಂದು ಡೆಹ್ರಾಡೂನ್‌ನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಕೆಲಸ. ಯಂತ್ರದ ಕೆಲಸ ಹೆಂಗಸರ ಕೈಲಿ ಆಗದು ಎನ್ನುವ ಮಾತು ಇವತ್ತಿಗೂ ಕೇಳಿಸುತ್ತದಲ್ಲ, ಅದಕ್ಕೆ ಎಪ್ಪತ್ತು ವರ್ಷದ ಹಿಂದೆಯೇ ಇದ್ದ ಉತ್ತರ ಇದು.

1955ರಲ್ಲಿ ದೆಹಲಿ ಪಾಲಿಟೆಕ್ನಿಕ್‌ನಲ್ಲಿ ಉಪನ್ಯಾಸಕಿಯಾದರು, ಆಮೇಲೆ ಕಲ್ಕತ್ತೆಯ ಸೆಣಬು ತಂತ್ರಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದರು. ಅಲ್ಲಿನ ಮಹಿಳಾ ಪಾಲಿಟೆಕ್ನಿಕ್‌ಗೆ ಮೊದಲ ಪ್ರಾಂಶುಪಾಲರೂ ಅವರೇ. ‘ಪಾಲಿಟೆಕ್ನಿಕ್ ತಾನೇ’ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಮನೆಯವರು ಹೆಚ್ಚು ವರ್ಷ ಓದಿಸಲಾಗದ ಹುಡುಗಿಗೆ ಡಿಪ್ಲೊಮಾ ಎಂದರೆ ಬೇಗ ಕೈಗೆ ಸಿಗುವ ಸಂಬಳ. ತಾನು ಒಂಟಿಯಾಗಿ ಓದಿದ ವಿಷಯಗಳನ್ನು ತರಗತಿ ತುಂಬ ಹುಡುಗಿಯರು ಓದುವಂತೆ ಮಾಡಿದ್ದು ನಮಗಂತೂ ಆ ‘ಮೊದಲ’ ಪಟ್ಟಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1980ರ ದಶಕದಲ್ಲಿ ಢಾಕಾದಲ್ಲೂ ಇಂಥದ್ದೇ ಮಹಿಳಾ ಪಾಲಿಟೆಕ್ನಿಕ್ ಕಟ್ಟಬೇಕೆಂದಾಗ ಆ ಹೊಣೆ ಬಂದದ್ದೂ ಇಲಾ ಅವರಿಗೇ. ಮದಾರಿಪುರ ಈಗ ಇರುವುದೂ ಅದೇ ಬಾಂಗ್ಲಾದೇಶದಲ್ಲಿ.